ಒತ್ತು

ರೇಷನ್ ಅಂಗಡಿಯ ಪುಟ್ಟ ಯಂತ್ರ
ನನ್ನ ಹೆಬ್ಬೆಟ್ಟು ಕಂಡು ಮೂರು ಸಲ ಕೆಂಪಗೆ ಉರಿಯಿತು.
‘ಗಟ್ಟಿಯಾಗಿ ಒತ್ತಮ್ಮ’ ಅಂದ ಹುಡುಗ.
ಒತ್ತಿದೆ.
ಸೆರಗಿಗೆ ಒರೆಸಿ ಒತ್ತಿದೆ.
ತಲೆಗೆ ಸವರಿ, ಎಣ್ಣೆ ತಾಗಿಸಿ ಒತ್ತಿದೆ.
ಇಪ್ಪತ್ತೆರಡು ವರ್ಷ ಬೇಸಿನ್ನಿನ ಕುದಿನೀರಲ್ಲಿ
ಗೂಡು ತಡಕಿದ ಬೆರಳು.
ಗೆರೆಗಳು ಶಿಡ್ಲಘಟ್ಟದ ಯಾವ ಚರಂಡಿ ಸೇರಿದವೋ,
ಯಾರ ಮದುವೆ ಸೀರೆಯಲ್ಲಿ ಇದ್ದಾವೋ.

ಹೆಬ್ಬೆಟ್ಟೂ ಇಲ್ಲದ ಹೆಬ್ಬೆಟ್ಟಿನವಳು!
ಆವತ್ತೇ ಅಂದುಕೊಂಡೆ: ಹೆಸರು ಬರೆಯೋದು ಕಲೀಬೇಕು.

ಮೊದಲ ಸಲ ಯುಗಾದಿಗೆ ಶುರು.
ಹೊಸ ಸ್ಲೇಟು, ಬಳಪ, ಊದಿನಕಡ್ಡಿ. ಐದು ದಿನ.
ಎರಡನೇ ಸಲ ದಿನಕ್ಕೊಂದು ಪುಟ ಅಂತ
ಮಗಳ ತಲೆ ಮುಟ್ಟಿ ಆಣೆ. ಮೂರು ದಿನ.
ಆಮೇಲೆ ಅವಳಿಗೆ ಕೆಮ್ಮು ಬಂದಾಗೆಲ್ಲ ಎದೆ ಧಸಕ್ ಅನ್ನುತ್ತಿತ್ತು.
ಮೂರನೇ ಸಲ ಯಾರಿಗೂ ಹೇಳಲಿಲ್ಲ,
ಸೋತದ್ದೂ ಯಾರಿಗೂ ತಿಳಿಯಲಿಲ್ಲ, ಅದೊಂದು ಲಾಭ.

ಪಕ್ಕದ ಬೇಸಿನ್ನಿನ ಖಮರುನ್ನೀಸಾ ಕೇಳಿದಳು:
‘ಹತ್ತು ಗೂಡು ಒಟ್ಟಿಗೆ ಎಳೀತೀಯ,
ಒಂದೂ ಎಳೆ ಹರೀದೆ ಇದ್ದ ದಿನ ನೋಡಿದ್ದೀಯ?’
ಇಲ್ಲ.
‘ಹರಿದರೆ ಏನು ಮಾಡ್ತೀಯ?’
ಏನು ಮಾಡೋದು, ಇನ್ನೊಂದು ಗೂಡಿನ ತುದಿ ಹಿಡಿದು
ಓಡುವ ನೂಲಿಗೆ ತಾಗಿಸುತ್ತೇನೆ.
ಗಂಟೂ ಬೇಡ, ಅದರ ಅಂಟೇ ಅದನ್ನು ಹಿಡಿಯುತ್ತದೆ.
ಅವಳು ಮುಂದೆ ಮಾತಾಡಲಿಲ್ಲ.
ಅವಳ ನೂಲು ಹರಿದಿತ್ತು.

ಆಮೇಲೆ ಸ್ಲೇಟಿಲ್ಲ, ಮುಹೂರ್ತವಿಲ್ಲ.
ಸಂಜೆ ಒಲೆ ಆರಿಸಿ, ಹುಳ ಬಳಿದು ಬುಟ್ಟಿಗೆ ಹಾಕಿ
ಕೊನೆಯ ಚೊಂಬು ನೀರು ಚೆಲ್ಲುತ್ತೇನಲ್ಲ,
ಅದಕ್ಕೂ ಕೈ ತೊಳೆಯೋದಕ್ಕೂ ನಡುವೆ
ಒದ್ದೆ ಬೆರಳಲ್ಲಿ ಸಿಮೆಂಟು ಕಟ್ಟೆಯ ಮೇಲೆ
ಒಂದು ಅಕ್ಷರ.
ಆಸೆಯಾದರೂ ಎರಡನೆಯದು ಇಲ್ಲ.
ಬೇಸಿಗೆಯಲ್ಲಿ ತಿದ್ದುವ ಮೊದಲೇ ಒಣಗುತ್ತಿತ್ತು,
ನನ್ನ ತಪ್ಪು ನೋಡಲು ಯಾರೂ ಉಳಿಯುತ್ತಿರಲಿಲ್ಲ.

‘ಅ’ ಒಂದು ತಿಂಗಳು, ಸುರುಳಿ ಬಿದ್ದ ಹುಳದ ಹಾಗೆ
ಎಬ್ಬಿಸಿದಷ್ಟೂ ಮಲಗಿತು.
ಆಮೇಲೆ ‘ಕ’, ಅದರ ಕೆಳಗೊಂದು ಒತ್ತು.
ನನ್ನ ಹೆಸರು ಅಕ್ಕಯಮ್ಮ. ನಾಲ್ಕಕ್ಷರ, ಎರಡು ಒತ್ತು.
ಜನ್ಮವಿಡೀ ‘ಒತ್ತು ಒತ್ತು’ ಅಂದವರಿಗೆ
ನನ್ನ ಹೆಸರಲ್ಲೇ ಎರಡು ಇದ್ದದ್ದು ಗೊತ್ತಿರಲಿಲ್ಲ.
ನನಗೂ.

ಹರಿಯಿತು, ಹರಿಯದೆ ಏನು.
ಚಿಕೂನ್‌ಗುನ್ಯ ಬಂದು ಹನ್ನೊಂದು ದಿನ.
ಗೂಡಿನ ರೇಟು ಏರಿ, ಬೇಸಿನ್ನು ತಣ್ಣಗಾಗಿ ಒಂದು ವಾರ.
ಸುಮ್ಮನೆ, ಬರೀ ಸೋಮಾರಿತನಕ್ಕೆ, ಎರಡು ದಿನ.
ತಪ್ಪಿದ್ದಕ್ಕೆ ಬಡ್ಡಿ ಕಟ್ಟಲಿಲ್ಲ.
ಹನ್ನೆರಡನೇ ದಿನ ಹನ್ನೆರಡು ಅಕ್ಷರ ಬರೆಯಲಿಲ್ಲ.
ಒಂದು. ತಾಗಿಸಿದೆ. ಹಿಡಿಯಿತು.

ಒಂದು ಸಂಜೆ ಮೇಸ್ತ್ರಿ ಜೊತೆ ಕೂಲಿಗೆ ಜಗಳವಾಡಿ
ಬೈದುಕೊಂಡೇ ಕಟ್ಟೆ ತೊಳೆದೆ.
ನೋಡಿದರೆ ಬೆರಳು ಆಗಲೇ ‘ಮ್ಮ’ ಬರೆದು ಮುಗಿಸಿದೆ,
ನನ್ನನ್ನು ಒಂದು ಮಾತೂ ಕೇಳದೆ.

ಮೊನ್ನೆ ಬ್ಯಾಂಕಿಗೆ ಹೋಗಿದ್ದೆ.
ಗುಮಾಸ್ತ ತಲೆ ಎತ್ತದೆ ಇಂಕ್ ಪ್ಯಾಡು ಮುಂದೆ ತಳ್ಳಿದ.
ಅದು ಅವನ ಅಭ್ಯಾಸ.
ನನ್ನ ಹೆಬ್ಬೆಟ್ಟೂ ಎದ್ದು ಹೊರಟಿತು.
ಅದು ಅದರ ಅಭ್ಯಾಸ.
ಹಳೆಯದು ಸತ್ತೇ ಇರಲಿಲ್ಲ,
ಸರಿಯಾಗಿ ಬೇಯದ ಗೂಡಿನೊಳಗಿನ ಹುಳದ ಹಾಗೆ.
ನೀಲಿ ಸ್ಪಂಜು ಇನ್ನು ಒಂದು ಎಳೆಯಷ್ಟು ದೂರ.
ನಿಂತಿತು.
ಪೆನ್ನು ಕೇಳಿದೆ.

ಕೌಂಟರಿನ ಪೆನ್ನಿಗೆ ದಾರ ಕಟ್ಟಿದ್ದರು.
ಗಿಡ್ಡ ದಾರ, ಎರಡು ಕಡೆ ಹರಿದು ಗಂಟು ಬಿದ್ದದ್ದು.
ಎಳೆದೆ.
ನನ್ನ ತನಕ ಬಂತು.